ಯಾರದ್ದೂ ಅಲ್ಲದ ಹಬ್ಬ: ವಿಚಿತ್ರ ದಿನಗಳನ್ನು ನಮ್ಮ ಬೀದಿಯಲ್ಲಿ ಆಚರಿಸುವುದು ಹೇಗೆ

ಮಾರ್ಚ್ 14 ಪೈ ದಿನ, ವೃತ್ತದ ಲೆಕ್ಕದಲ್ಲಿ ಬರುವ 3.14 ಎಂಬ ಸಂಖ್ಯೆಯ ದಿನ. ಆಗಸ್ಟ್ 13 ಎಡಗೈಯವರ ದಿನ. ಸೆಪ್ಟೆಂಬರ್ 19 ಕಡಲ್ಗಳ್ಳರ ಹಾಗೆ ಮಾತಾಡುವ ದಿನ. ಡಿಸೆಂಬರ್ 14 ಕೋತಿಗಳ ದಿನ. ಇವೆಲ್ಲ ನಿಜಕ್ಕೂ ಇರುವ ದಿನಗಳು, ವರ್ಷವರ್ಷವೂ ಎಲ್ಲೋ ಯಾರೋ ಆಚರಿಸುತ್ತಾರೆ. ದಾವಣಗೆರೆ, ಚಿತ್ರದುರ್ಗದ ಕಡೆ ಮಾತ್ರ ಇವು ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಬಂದು, ನಾಲ್ಕು ಜನರಿಂದ ನಗುವ ಮುಖ ಹಾಕಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಮರೆತುಹೋಗುತ್ತವೆ. ಅಷ್ಟಕ್ಕೇ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಕಾರಣ ಇಷ್ಟೇ. ನಮ್ಮ ದೊಡ್ಡ ಹಬ್ಬಗಳಿಗೆಲ್ಲ ಒಂದೊಂದು ಮನೆತನವಿದೆ, ಒಂದೊಂದು ಪದ್ಧತಿಯಿದೆ. ಹೊಸ ಬಟ್ಟೆ ಆಗಬೇಕು, ಹೋಳಿಗೆ ಆಗಬೇಕು, ಬಂದವರಿಗೆ ಉಡಿ ತುಂಬಬೇಕು. ಸೂತಕದ ಮನೆಯವರು ಬರುವಂತಿಲ್ಲ. ಮೊನ್ನೆ ತಾನೇ ಬಾಡಿಗೆಗೆ ಬಂದವರು ಕರೆಯುತ್ತಾರೋ ಇಲ್ಲವೋ ಎಂದು ಬಾಗಿಲ ಬಳಿ ನಿಂತಿರುತ್ತಾರೆ. ಪೈ ದಿನಕ್ಕೆ ಮಡಿಯಿಲ್ಲ, ಮುಯ್ಯಿಯಿಲ್ಲ, ಯಾರ ಹಿರಿಯರ ಹೆಸರೂ ಅದರ ಮೇಲಿಲ್ಲ. ಯಾರದ್ದೂ ಅಲ್ಲವಾದ್ದರಿಂದಲೇ ಅದು ಇಡೀ ಬೀದಿಯದ್ದಾಗಬಹುದು.

ಹಾಗೆ ನೋಡಿದರೆ ನಗುವಿಗೆಂದೇ ದಿನ ಎತ್ತಿಡುವುದು ನಮ್ಮ ಸೀಮೆಗೆ ಹೊಸದಲ್ಲ. ಕಾಮಣ್ಣನ ಹೆಸರಲ್ಲಿ ಕಟ್ಟಿಗೆ, ಕುಳ್ಳು ಕದ್ದರೆ ಅದು ಕಳ್ಳತನವಲ್ಲ ಎಂದು ಒಪ್ಪಿಕೊಂಡ ಜನ ನಾವು. ಗಣಪತಿ ಹೋದ ಮೇಲೆ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ಜೋಕುಮಾರ ಬುಟ್ಟಿಯಲ್ಲಿ ಕೂತು ಮನೆಮನೆಗೆ ಬಂದರೆ, ಬೇರೆ ದಿನ ಯಾರೂ ಹಾಡಲಾಗದ ಪೋಲಿ ಹಾಡುಗಳನ್ನು ಹೆಂಗಸರು ಬಾಗಿಲಲ್ಲೇ ನಿಂತು ಹಾಡುತ್ತಾರೆ. ಮಳೆ ಕೈಕೊಟ್ಟ ವರ್ಷ ಕಪ್ಪೆ ಜೋಡಿಗೋ ಕತ್ತೆ ಜೋಡಿಗೋ ಮದುವೆ ಮಾಡಿ, ಬೀಗರ ಹಾಗೆ ಕೂತು ಊಟ ಮಾಡುತ್ತೇವೆ. ಆ ಧೈರ್ಯ ನಮ್ಮಲ್ಲಿ ಮೊದಲಿಂದಲೂ ಇದೆ. ಅದನ್ನು ಹೊಸ ದಿನಗಳಿಗೆ ಹೊಂದಿಸುವ ಬಗೆಯನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ದಿನ ಆರಿಸಿ, ಅದರ ಜಾತಕ ನೋಡಿ

ಇಂಟರ್ನೆಟ್‌ನಲ್ಲಿ ಹುಡುಕಿದರೆ ವರ್ಷದ ಒಂದೊಂದು ತಾರೀಖಿಗೂ ಹತ್ತಾರು ದಿನಾಚರಣೆಗಳು ಸಿಗುತ್ತವೆ. ಇಂಥ ಪಟ್ಟಿಗಳು ಹಳೆಯವೇ. ಅಮೆರಿಕದಲ್ಲಿ ಚೇಸ್ ಎಂಬ ಸಹೋದರರು 1957ರಲ್ಲೇ ಇಂಥ ದಿನಗಳನ್ನೆಲ್ಲ ಒಟ್ಟುಮಾಡಿ ವಾರ್ಷಿಕ ಪುಸ್ತಕ ತರಲು ಶುರುಮಾಡಿದ್ದರು. ಆದರೆ ಎಲ್ಲ ದಿನಗಳ ಹುಟ್ಟೂ ಒಂದೇ ರೀತಿಯದಲ್ಲ. ಕೆಲವನ್ನು ವಿಶ್ವಸಂಸ್ಥೆ ಘೋಷಿಸಿದೆ, ಮೇ 21ರ ಚಹಾ ದಿನ, ಜೂನ್ 3ರ ಸೈಕಲ್ ದಿನ, ನವೆಂಬರ್ 19ರ ಶೌಚಾಲಯ ದಿನ ಹಾಗೆ ಬಂದವು. ಕೆಲವನ್ನು ಇಬ್ಬರು ಗೆಳೆಯರು ತಮಾಷೆಗೆ ಹುಟ್ಟುಹಾಕಿದ್ದಾರೆ. ಇನ್ನು ಕೆಲವನ್ನು ಯಾವುದೋ ಕಂಪನಿ ಸರಕು ಮಾರಲು ಕಟ್ಟಿರುತ್ತದೆ. ಮೊದಲ ಎರಡು ಬಗೆಯವನ್ನು ಇಟ್ಟುಕೊಳ್ಳಿ, ಮೂರನೆಯದನ್ನು ಬಿಡಿ. ಯಾರದೋ ವ್ಯಾಪಾರಕ್ಕೆ ನಮ್ಮ ಬೀದಿಯಲ್ಲಿ ಚಪ್ಪರ ಯಾಕೆ?

ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ದಿನಕ್ಕೆ ಸೇರುವ ವಸ್ತು, ತಿಂಡಿ, ಪ್ರಾಣಿ ಅಥವಾ ಮಾತು ನಮ್ಮೂರಿನಲ್ಲಿ ಈಗಾಗಲೇ ಇದೆಯೇ? ಇದ್ದರೆ ಆಚರಣೆ ತಾನಾಗಿ ಬೆಳೆಯುತ್ತದೆ. ಇಲ್ಲದಿದ್ದರೆ ಬಲೂನು, ಬ್ಯಾನರ್, ಕೇಕಿಗೆ ದುಡ್ಡು ಸುರಿದು ಸುಸ್ತಾಗುತ್ತೀರಿ. ನನಗೆ ಕೇಕು ಕತ್ತರಿಸುವ ಆಚರಣೆಗಳ ಮೇಲೆ ಪ್ರೀತಿಯಿಲ್ಲ. ಕತ್ತರಿಸಿ ಫೋಟೋ ತೆಗೆದರೆ ಮುಗಿಯಿತು, ಆಮೇಲೆ ಮಾಡಲು ಏನೂ ಉಳಿಯುವುದಿಲ್ಲ.

ಎರಡನೆಯ ಹೆಜ್ಜೆ: ಒಂದು ಆಚಾರ, ಒಂದು ನಿಯಮ

ಹಬ್ಬಕ್ಕೆ ಆಚಾರ ಬೇಕು. ಅದು ಹಾಸ್ಯಾಸ್ಪದವಾಗಿದ್ದಷ್ಟೂ ಒಳ್ಳೆಯದು, ಆದರೆ ಮಾಡುವವರು ಅದನ್ನು ಶ್ರದ್ಧೆಯಿಂದ ಮಾಡಬೇಕು. ಅರೆಮನಸ್ಸಿನ ತಮಾಷೆಗೆ ಯಾರೂ ನಗುವುದಿಲ್ಲ. ನಿಯಮವೂ ಒಂದೇ ಇರಲಿ, ಎರಡು ಸಾಲಿನಲ್ಲಿ ಹೇಳಲು ಬರಬೇಕು. ದಾವಣಗೆರೆಗೆ ಹೇಳಿ ಮಾಡಿಸಿದಂತಿರುವ ಪೈ ದಿನವನ್ನೇ ತೆಗೆದುಕೊಂಡು ಇದನ್ನು ವಿವರವಾಗಿ ತೋರಿಸುತ್ತೇನೆ.

1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯದಲ್ಲಿ ಲ್ಯಾರಿ ಶಾ ಎಂಬ ಭೌತವಿಜ್ಞಾನಿ ಇದನ್ನು ಶುರುಮಾಡಿದರು. ಅಮೆರಿಕದವರು ತಾರೀಖು ಬರೆಯುವಾಗ ತಿಂಗಳು ಮೊದಲು ಬರುವುದರಿಂದ ಮಾರ್ಚ್ 14 ಎಂದರೆ 3.14. ಯಾವುದೇ ವೃತ್ತದ ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಬರುವ ಪೈ ಬೆಲೆಯೂ ಸುಮಾರು ಅಷ್ಟೇ. ಅಲ್ಲಿನವರು ವೃತ್ತಾಕಾರವಾಗಿ ಮೆರವಣಿಗೆ ಹೋಗಿ, ಹಣ್ಣಿನ ಹೂರಣ ತುಂಬಿ ಬೇಯಿಸಿದ ದುಂಡನೆಯ ತಿಂಡಿ ತಿಂದರು, ಇಂಗ್ಲಿಷಿನಲ್ಲಿ ಆ ತಿಂಡಿಯ ಹೆಸರೂ ಪೈ. 2019ರಲ್ಲಿ ಯುನೆಸ್ಕೋ ಇದೇ ದಿನವನ್ನು ಅಂತರರಾಷ್ಟ್ರೀಯ ಗಣಿತ ದಿನವೆಂದು ಸಾರಿತು. ಐನ್‌ಸ್ಟೈನ್ ಹುಟ್ಟಿದ್ದೂ ಮಾರ್ಚ್ 14ಕ್ಕೇ, 1879ರಲ್ಲಿ.

ನಮ್ಮಲ್ಲಿ ದುಂಡಗಿರುವುದು ಬೆಣ್ಣೆ ದೋಸೆ. ಮಸಾಲೆ ದೋಸೆಯ ಹಾಗೆ ತಟ್ಟೆಯಾಚೆ ಚಾಚಿಕೊಳ್ಳದೆ, ಚಿಕ್ಕದಾಗಿ, ದಪ್ಪವಾಗಿ ಇರುವುದರಿಂದ ಅಳೆಯಲು ಇದಕ್ಕಿಂತ ಒಳ್ಳೆಯದು ಸಿಗದು. ನಿಯಮ: ಅಳೆಯದೆ ತಿನ್ನುವಂತಿಲ್ಲ.

ಹತ್ತಿ ದಾರವನ್ನು ನೀರಿನಲ್ಲಿ ಅದ್ದಿ ಹಿಂಡಿ, ಒಣ ದಾರ ಬೆಣ್ಣೆ ಕುಡಿದು ಜಾರುತ್ತದೆ. ಒಬ್ಬರು ದೋಸೆಯ ಅಂಚಿಗೆ ದಾರವನ್ನು ಸುತ್ತಿ ಹಿಡಿಯಲಿ, ಇನ್ನೊಬ್ಬರು ಎರಡು ತುದಿ ಕೂಡುವ ಕಡೆ ಪೆನ್ನಿನಿಂದ ಗುರುತು ಮಾಡಲಿ. ದಾರ ಬಿಡಿಸಿ ಸ್ಕೇಲಿನ ಮೇಲಿಟ್ಟರೆ ಅದು ಪರಿಧಿ. ಇನ್ನು ವ್ಯಾಸವನ್ನು ಮೂರ್ನಾಲ್ಕು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ಪರಿಧಿಯನ್ನು ವ್ಯಾಸದಿಂದ ಭಾಗಿಸಿ. ಹದಿನೆಂಟು ಸೆಂಟಿಮೀಟರ್ ಅಗಲದ ದೋಸೆಗೆ ದಾರ ಸುಮಾರು 56.5 ಸೆಂಟಿಮೀಟರ್ ಬಂದರೆ ಕೈ ಸರಿಯಾಗಿದೆ ಎಂದರ್ಥ. ದೋಸೆ ಸ್ವಲ್ಪ ಕೋಳಿಮೊಟ್ಟೆಯ ಆಕಾರಕ್ಕೆ ತಿರುಗಿದ್ದರೂ ಚಿಂತೆಯಿಲ್ಲ, ಸರಾಸರಿ ಸರಿಯಾಗಿ ತೆಗೆದರೆ ಉತ್ತರ 3.14ರ ಆಸುಪಾಸಿನಲ್ಲೇ ಇರುತ್ತದೆ. ಅಂಚು ಹಲ್ಲುಹಲ್ಲಾಗಿ ಒಳಹೊಕ್ಕಿದ್ದರೆ ಮಾತ್ರ ಉತ್ತರ ಮೇಲೇರುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ. ಯಾವ ದೋಸೆ ಯಾಕೆ ತಪ್ಪು ಉತ್ತರ ಕೊಟ್ಟಿತು ಎಂದು ಅವರೇ ಜಗಳ ಆಡಿ ಕಂಡುಕೊಳ್ಳಲಿ. ಅದೇ ಈ ಹಬ್ಬದ ಜೀವ.

3.14ಕ್ಕೆ ಹತ್ತಿರ ಬಂದವರಿಗೆ ಕಾವಲಿಯಿಂದ ಇಳಿದ ಮುಂದಿನ ಬಿಸಿ ದೋಸೆ. ದೂರ ಹೋದವರಲ್ಲಿ ದೊಡ್ಡವರಿದ್ದರೆ ಹದಿಮೂರರ ಮಗ್ಗಿ ಹೇಳಬೇಕು. ಮಕ್ಕಳಿಗೆ ಈ ಶಿಕ್ಷೆ ಬೇಡ. ಮಾರ್ಚ್ ಎಂದರೆ ಪರೀಕ್ಷೆಯ ತಿಂಗಳು, ಲೆಕ್ಕ ಎಂದರೆ ಬೆವರುವ ಮಗು ಆ ದಿನವಾದರೂ ಅಪ್ಪ ಹದಿಮೂರೇಳಲ ಎಷ್ಟು ಎಂದು ತಡವರಿಸುವುದನ್ನು ನೋಡಿ ನಗಲಿ. ಹೋಟೆಲಿನಲ್ಲಿ ಮಾಡುವುದಾದರೆ ಮಾಲೀಕರನ್ನು ಮುಂಚೆಯೇ ಕೇಳಿ, ಗಿರಾಕಿ ಕಡಿಮೆಯಿರುವ ಹೊತ್ತು ನೋಡಿ ಹೋಗಿ. ಬೆಳಗಿನ ನೂಕುನುಗ್ಗಲಿನಲ್ಲಿ ದಾರ, ಸ್ಕೇಲು ಹಿಡಿದು ಕೂತರೆ ಹಿಂದೆ ನಿಂತವರು ಸುಮ್ಮನಿರುವುದಿಲ್ಲ.

ಮೂರನೆಯ ಹೆಜ್ಜೆ: ಕರೆಯೋಲೆ

ವಾಟ್ಸ್ಆ್ಯಪ್ ಸಂದೇಶ ಸಾಲದು. ಕಾರ್ಡು ಬರೆದು ಅರಿಶಿನ ಕುಂಕುಮ ಹಚ್ಚಿ, ಮನೆಮನೆಗೆ ಹೋಗಿ ಕೊಡಿ. ಬರವಣಿಗೆ ಲಗ್ನಪತ್ರಿಕೆಯ ಧಾಟಿಯಲ್ಲೇ ಇರಲಿ. ಪೈ ದಿನಕ್ಕೆ ಒಂದು ಮಾದರಿ:

"ಶ್ರೀ ಕಾವಲಿ ಪ್ರಸನ್ನ. ಚಿ|| ಸೌ|| ಪರಿಧಿ ಹಾಗೂ ಚಿ|| ವ್ಯಾಸ ಇವರ ಭಾಗಾಕಾರ ಮಹೋತ್ಸವವನ್ನು ಮಾರ್ಚ್ 14ರ ಮಧ್ಯಾಹ್ನ 1 ಗಂಟೆ 59 ನಿಮಿಷಕ್ಕೆ ಸಲ್ಲುವ ಶುಭ ಮುಹೂರ್ತದಲ್ಲಿ ನಮ್ಮ ಬೀದಿಯ ಬೇವಿನ ಮರದಡಿ ನೆರವೇರಿಸಲು ಗುರುಹಿರಿಯರು ನಿಶ್ಚಯಿಸಿರುವುದರಿಂದ, ತಾವು ಸಕುಟುಂಬ ಸಪರಿವಾರ ಸಮೇತ ಆಗಮಿಸಿ, ಶೇಷ ಉಳಿಯದಂತೆ ಆಶೀರ್ವದಿಸಬೇಕೆಂದು ಕೋರುವ ಬೆಣ್ಣೆ ಬಂಧುಗಳು. ಉಡುಗೊರೆ ಬೇಡ, ಎರಡು ಮೊಳ ದಾರ ತನ್ನಿ."

1 ಗಂಟೆ 59 ನಿಮಿಷ ಯಾಕೆಂದರೆ ಪೈ ಬೆಲೆ 3.14159 ಎಂದು ಮುಂದುವರಿಯುತ್ತದೆ. ಕಾರ್ಡು ಓದಿದ ಗಣಿತದ ಮೇಷ್ಟ್ರು ಯಾರಾದರೂ ಇದ್ದರೆ, ಪೈಗೆ ಕೊನೆಯೇ ಇಲ್ಲದಿರುವಾಗ ಶೇಷ ಉಳಿಯದಿರುವುದು ಹೇಗೆ ಎಂದು ಖಂಡಿತ ಆಕ್ಷೇಪ ಎತ್ತುತ್ತಾರೆ. ಅವರನ್ನೇ ಪೌರೋಹಿತ್ಯಕ್ಕೆ ಕೂರಿಸಿ.

ಕೈಯಾರೆ ಕಾರ್ಡು ಕೊಡುವುದರಿಂದ ಒಂದು ಲಾಭವಿದೆ. ಬೀದಿಯ ಕೊನೆಯ ಮನೆಯ ಬಾಗಿಲನ್ನೂ ತಟ್ಟಲೇಬೇಕಾಗುತ್ತದೆ. ಒಂಟಿಯಾಗಿರುವ ಹಿರಿಯರು, ಪೇಯಿಂಗ್ ಗೆಸ್ಟ್ ಹುಡುಗರು, ರಾತ್ರಿ ಪಾಳಿಯ ನರ್ಸ್, ಇವರನ್ನೆಲ್ಲ ನಾವು ಮದುವೆಗೆ ಕರೆಯುವುದಿಲ್ಲ. ಇದಕ್ಕೆ ಕರೆಯಬಹುದು, ಸಂಕೋಚವಿಲ್ಲದೆ ಅವರೂ ಬರಬಹುದು.

ನಾಲ್ಕನೆಯ ಹೆಜ್ಜೆ: ಹೊರಗಿನ ದಿನಕ್ಕೆ ಊರಿನ ಅಂಗಿ ತೊಡಿಸಿ

ಸೆಪ್ಟೆಂಬರ್ 19ರ ಕಡಲ್ಗಳ್ಳರ ಭಾಷೆಯ ದಿನ ಹುಟ್ಟಿದ್ದು 1995ರಲ್ಲಿ. ಅಮೆರಿಕದ ಜಾನ್ ಬೌರ್, ಮಾರ್ಕ್ ಸಮ್ಮರ್ಸ್ ಎಂಬ ಗೆಳೆಯರು ಆಟದ ನಡುವೆ ಕಡಲ್ಗಳ್ಳರ ಹಾಗೆ ಕೂಗಾಡುತ್ತ ಇದನ್ನು ಕಟ್ಟಿದರು. ತಾರೀಖು ಮರೆಯಬಾರದೆಂದು ಸಮ್ಮರ್ಸ್ ತಮ್ಮ ಮಾಜಿ ಪತ್ನಿಯ ಹುಟ್ಟುಹಬ್ಬದ ದಿನವನ್ನೇ ಆರಿಸಿದರು. 2002ರಲ್ಲಿ ಡೇವ್ ಬ್ಯಾರಿ ಎಂಬ ಹಾಸ್ಯ ಅಂಕಣಕಾರರು ಇದರ ಬಗ್ಗೆ ಬರೆದ ಮೇಲೆ ಲೋಕಕ್ಕೆಲ್ಲ ಗೊತ್ತಾಯಿತು.

ನಮಗೆ ಕಡಲಿಲ್ಲ. ಸೂಳೆಕೆರೆ, ಮಾರಿಕಣಿವೆ ಎಷ್ಟೇ ದೊಡ್ಡದಿದ್ದರೂ ಅಲ್ಲಿ ಹಡಗು ದೋಚುವವರಿಲ್ಲ. ಒಂದು ಕಣ್ಣಿಗೆ ಕಪ್ಪುಬಟ್ಟೆ ಕಟ್ಟಿಕೊಂಡು ಇಂಗ್ಲಿಷಿನಲ್ಲಿ ಗುರುಗುಟ್ಟಿದರೆ ಯಾರಿಗೂ ಅರ್ಥವಾಗದು. ನಮ್ಮಲ್ಲಿ ಇರುವುದು ಕಂಪನಿ ನಾಟಕದ ಮಾತು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯದ್ದೇ. ಆ ಸಂಭಾಷಣೆಯ ಏರಿಳಿತ ಕೇಳಿದ ತಲೆಗಳು ಇನ್ನೂ ನಮ್ಮ ನಡುವೆ ಇವೆ. ಹಾಗಾಗಿ ಸೆಪ್ಟೆಂಬರ್ 19ರಂದು ಬೆಳಗಿನಿಂದ ಸಂಜೆಯವರೆಗೆ ನಾಟಕದ ಭಾಷೆಯಲ್ಲೇ ಮಾತಾಡುವುದು. ನಿಯಮ: ಮಾಮೂಲಿ ಮಾತು ಬಾಯಿಂದ ಬಂದರೆ ಒಂದು ತಟ್ಟೆ ಮಂಡಕ್ಕಿ ಮೆಣಸಿನಕಾಯಿ ದಂಡ.

ಆಟೋದವರಿಗೆ: "ಎಲೈ ಸಾರಥಿಯೇ! ನಿನ್ನ ಈ ತ್ರಿಚಕ್ರ ರಥವನ್ನು ಜಯದೇವ ವೃತ್ತದತ್ತ ತಿರುಗಿಸು! ಬಾಡಿಗೆಯ ಮಾತನ್ನು ಮೊದಲೇ ಆಡಿಬಿಡು, ಆಮೇಲೆ ಘೋರ ಯುದ್ಧವಾದೀತು!" ತರಕಾರಿ ಅಂಗಡಿಯಲ್ಲಿ: "ಅಯ್ಯೋ ವಿಧಿಯೇ! ಕೊತ್ತಂಬರಿಯ ಒಂದು ಕಟ್ಟಿಗೆ ಇಷ್ಟು ಕಪ್ಪಕಾಣಿಕೆಯೇ? ಇದನ್ನು ಕೇಳಿಯೂ ಈ ಹೃದಯ ಒಡೆಯದೇ ಉಳಿಯಿತೇ!" ಮನೆಯಲ್ಲಿ ಮಗ ಹೋಂವರ್ಕ್ ಮಾಡಿಲ್ಲ ಎಂದು ಗೊತ್ತಾದಾಗ ಬೈಯುವ ಅವಕಾಶವನ್ನಂತೂ ಯಾವ ತಾಯಿಯೂ ಬಿಡಬಾರದು.

ವ್ಯಾಪಾರಿಗಳು ಬಿಡುವಾಗಿದ್ದಾಗ, ಮುಖದಲ್ಲಿ ನಗು ಕಂಡರೆ ಮಾತ್ರ ಮುಂದುವರಿಸಿ. ಬಹಳ ಸಲ ಅವರೇ ನಿಮಗಿಂತ ದೊಡ್ಡ ದನಿಯಲ್ಲಿ ತಿರುಗಿ ಹೊಡೆಯುತ್ತಾರೆ. ಅಜ್ಜ ಅಜ್ಜಿಯರನ್ನು ತೀರ್ಪುಗಾರರನ್ನಾಗಿ ಮಾಡಿದರೆ ಅವರು ಕುಳಿತಲ್ಲೇ ಹಳೆಯ ಸಂಭಾಷಣೆಗಳನ್ನು ಹೇಳಿಕೊಡುತ್ತಾರೆ. ಅವನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ, ದಯವಿಟ್ಟು.

ಐದನೆಯ ಹೆಜ್ಜೆ: ಯಾರನ್ನು ನೋಡಿ ನಗಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ

ನಗು ಕೆಳಗಿರುವವರ ಮೇಲೆ ಬಿದ್ದರೆ ಅದು ಹಬ್ಬವಲ್ಲ. ಬಣ್ಣ, ಮೈಕಟ್ಟು, ತೊದಲು, ಬಡತನ, ಜಾತಿ, ಇವು ಯಾವುವೂ ತಮಾಷೆಯ ವಸ್ತುವಲ್ಲ. ಈ ಮಾತು ಆಗಸ್ಟ್ 13ರ ಎಡಗೈಯವರ ದಿನಕ್ಕೆ ಎಲ್ಲಕ್ಕಿಂತ ಹೆಚ್ಚು ಅನ್ವಯಿಸುತ್ತದೆ.

1976ರಿಂದ ಆಚರಣೆಯಲ್ಲಿರುವ ಈ ದಿನ ಹತ್ತರಲ್ಲಿ ಒಬ್ಬರಂತೆ ಇರುವ ಎಡಗೈಯವರಿಗೆ ಸೇರಿದ್ದು. ನಮ್ಮಲ್ಲಿ ಎಡಗೈಯಲ್ಲಿ ಬರೆದ ಮಗುವಿನ ಬೆರಳಿಗೆ ಸ್ಕೇಲಿನ ಏಟು ಬಿದ್ದದ್ದನ್ನು ಕಂಡವರು, ತಿಂದವರು ಬೇಕಾದಷ್ಟು ಜನ ಇದ್ದಾರೆ. ಆ ದಿನ ಅವರು ಮುಖ್ಯ ಅತಿಥಿಗಳು, ನಗೆಪಾಟಲಿಗೆ ಈಡಾಗಬೇಕಾದವರು ಬಲಗೈಯವರು. ಬಲಗೈಗೆ ಕರವಸ್ತ್ರ ಕಟ್ಟಿ ಎಡಗೈಯಲ್ಲಿ ರಂಗೋಲಿ ಹಾಕಿಸಿ, ಸೂಜಿಗೆ ದಾರ ಪೋಣಿಸಲು ಹೇಳಿ, ಕೇರಂ ಆಡಿಸಿ, ಸಹಿ ಹಾಕಿಸಿ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಗತ್ತಿನಿಂದ ಸಹಿ ಹಾಕಿದವರ ಕೈ ಆಗ ಒಂದನೇ ಕ್ಲಾಸಿನ ಕೈಯಾಗುತ್ತದೆ.

ಇದರ ಉದ್ಘಾಟನೆಗೆ ನನಗೆ ಇಷ್ಟವಾದ ಕ್ರಮ ಒಂದಿದೆ. ಮಾಮೂಲಿ ಕತ್ತರಿಯನ್ನು ಎಡಗೈಯ ಅತಿಥಿಯ ಕೈಗೆ ಕೊಟ್ಟು ರಿಬ್ಬನ್ ಕತ್ತರಿಸಲು ಹೇಳಿ. ಕತ್ತರಿಯ ಅಲಗುಗಳನ್ನು ಬಲಗೈಗೆ ಹೊಂದುವಂತೆ ಜೋಡಿಸಿರುತ್ತಾರೆ. ಎಡಗೈಯಲ್ಲಿ ಹಿಡಿದು ಒತ್ತಿದರೆ ಅಲಗುಗಳು ಒಂದಕ್ಕೊಂದು ಅಂಟದೆ ದೂರ ಸರಿಯುತ್ತವೆ, ರಿಬ್ಬನ್ ಕತ್ತರಿಸದೆ ಮಡಚಿಕೊಳ್ಳುತ್ತದೆ. ಒಂದು ಭಾಷಣ ಮಾಡಲಾಗದ್ದನ್ನು ಆ ಮಡಚಿದ ರಿಬ್ಬನ್ ಮಾಡುತ್ತದೆ. ಆಮೇಲೆ ಅತಿಥಿಯೇ ಅದನ್ನು ಹಲ್ಲಿನಿಂದ ಹರಿದು ಹಾಕಲಿ, ಚಪ್ಪಾಳೆ ತಟ್ಟಿ.

ಎಡಗೈಯಲ್ಲಿ ಊಟ ಮಾಡಿಸುವ ಸ್ಪರ್ಧೆ ಮಾತ್ರ ಬೇಡ. ಹಿರಿಯರಲ್ಲಿ ಅನೇಕರಿಗೆ ಅದು ಸಹಿಸದು. ಅವರ ಮನಸ್ಸು ನೋಯಿಸದೆಯೂ ದಿನವಿಡೀ ನಗಲು ಬೇಕಾದಷ್ಟಿದೆ.

ಆರನೆಯ ಹೆಜ್ಜೆ: ಜಾಗದ ಮರ್ಯಾದೆ

ಡಿಸೆಂಬರ್ 14ರ ಕೋತಿ ದಿನವನ್ನು 2000ದಲ್ಲಿ ಶುರುಮಾಡಿದ್ದು ಅಮೆರಿಕದ ಮಿಷಿಗನ್‌ನಲ್ಲಿ ಕಲೆ ಓದುತ್ತಿದ್ದ ಕೇಸಿ ಸಾರೋ ಮತ್ತು ಅವರ ಗೆಳೆಯರು. ಅದನ್ನು ಚಿತ್ರದುರ್ಗದವರು ಆಚರಿಸದೆ ಬೇರೆ ಯಾರು ಆಚರಿಸಬೇಕು? ಏಳು ಸುತ್ತಿನ ಕೋಟೆಯಲ್ಲಿ ಕೈಚೀಲ ಕಳೆದುಕೊಳ್ಳದ ಮನೆತನ ಸಿಗುವುದು ಕಷ್ಟ. ಬರಿಗೈಯಲ್ಲಿ ಕೋಟೆಯ ಗೋಡೆ ಏರುವ ಜ್ಯೋತಿರಾಜ್ ಅವರಿಗೆ ಊರು ಪ್ರೀತಿಯಿಂದ ಕೊಟ್ಟ ಹೆಸರೇ ಕೋತಿರಾಜ.

ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಒಳಗೆ ಮೈಕು, ಅಡುಗೆ, ಬ್ಯಾನರ್ ಯಾವುದೂ ಬೇಡ. ಟಿಕೆಟ್ ತೆಗೆದುಕೊಂಡು ಬೆಳಿಗ್ಗೆ ಹೊತ್ತಿಗೆ ಹೋಗಿ, ತುಪ್ಪದ ಕೊಳ, ಒನಕೆ ಕಿಂಡಿ ನೋಡಿಕೊಂಡು ಬನ್ನಿ, ಗೋಡೆ ಏರುವುದನ್ನು ಕೋತಿರಾಜರಿಗೇ ಬಿಡಿ. ಕೋತಿಗಳಿಗೆ ತಿನ್ನಲು ಏನೂ ಕೊಡಬೇಡಿ, ಹಬ್ಬದ ದಿನವಾದರೂ ಬೇಡ. ಕೊಟ್ಟ ಬಾಳೆಹಣ್ಣೇ ನಾಳೆ ಇನ್ನೊಬ್ಬರ ಚೀಲ ಕಿತ್ತುಕೊಳ್ಳುವ ಚಾಳಿಯಾಗುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿ ಹಲ್ಲು ಕಿರಿದರೆ ಅವು ಅದನ್ನು ಬೆದರಿಕೆ ಎಂದುಕೊಳ್ಳುತ್ತವೆ. ಹಾಗಾಗಿ ಆ ದಿನದ ನಿಯಮ: ಕೋಟೆಯೊಳಗೆ ಬಾಯಿ ಮುಚ್ಚಿಯೇ ನಗಬೇಕು. ಹತ್ತು ಜನ ಒಟ್ಟಿಗೆ ತುಟಿ ಬಿಗಿಹಿಡಿದು ನಗು ತಡೆಯುತ್ತ ಮೆಟ್ಟಿಲು ಹತ್ತಿ ನೋಡಿ, ಉಳಿದದ್ದನ್ನು ನಾನು ಹೇಳಬೇಕಿಲ್ಲ.

ಕೆಳಗಿಳಿದ ಮೇಲೆ ಮುಖ್ಯ ಕಾರ್ಯಕ್ರಮ, ಕಳವಿನ ಕಥೆಗಳು. ಯಾರ ಮನೆಯ ಏನನ್ನು ಕೋತಿ ಒಯ್ದಿತು ಎಂದು ಒಬ್ಬೊಬ್ಬರೂ ಹೇಳಬೇಕು: ಕನ್ನಡಕ, ಕಡಲೆಕಾಯಿ ಪೊಟ್ಟಣ, ಚಿತ್ರಾನ್ನದ ಡಬ್ಬಿ. ಪೊಲೀಸ್ ದೂರಿನ ಧಾಟಿಯಲ್ಲಿ ಬರೆದು ಓದಿದರೆ ಇನ್ನೂ ಚೆಂದ: "ಆರೋಪಿಯು ಕಂದು ಬಣ್ಣದವನಾಗಿದ್ದು, ಉದ್ದ ಬಾಲ ಹೊಂದಿದ್ದು, ಕೃತ್ಯದ ನಂತರ ಬಂಡೆಯ ಮೇಲೆ ಕುಳಿತು ಸಾಕ್ಷಿಗಳ ಎದುರೇ ಚಿತ್ರಾನ್ನ ಸೇವಿಸಿರುತ್ತಾನೆ." ಇವನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿ. ವರ್ಷವರ್ಷ ಸೇರಿಸುತ್ತ ಹೋದರೆ ಅದು ಊರಿನ ಒಂದು ಚರಿತ್ರೆಯೇ ಆಗುತ್ತದೆ.

ಬೀದಿಯಲ್ಲಿ ಮಾಡುವ ಆಚರಣೆಗೂ ಇದೇ ಮರ್ಯಾದೆ. ಮೈಕ್ ಹಾಕುವುದಾದರೆ ಪೊಲೀಸ್ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದಕ್ಕೂ ಅವಕಾಶವಿಲ್ಲ. ನಿಜ ಹೇಳಬೇಕೆಂದರೆ ಮೈಕ್ ಬೇಕೇ ಇಲ್ಲ, ನಲವತ್ತು ಜನರ ನಗು ಬೀದಿಯ ತುದಿಗೆ ಕೇಳುತ್ತದೆ. ಮಕ್ಕಳ ವಿಡಿಯೋವನ್ನು ತಂದೆತಾಯಿಯನ್ನು ಕೇಳದೆ ಎಲ್ಲೂ ಹಾಕಬೇಡಿ.

ಇನ್ನಷ್ಟು ದಿನಗಳು, ಚುಟುಕಾಗಿ

ಮಾರ್ಚ್ 20 ಗುಬ್ಬಚ್ಚಿ ದಿನ, 2010ರಿಂದ ನಡೆಯುತ್ತಿದೆ, ಹುಟ್ಟಿದ್ದು ನಮ್ಮ ದೇಶದಲ್ಲೇ. ಮಹಡಿಯ ಮೇಲೆ ಮಣ್ಣಿನ ಬಟ್ಟಲಲ್ಲಿ ನೀರಿಟ್ಟು, ಮೊದಲು ಬಂದ ಗುಬ್ಬಿಗೆ ಸನ್ಮಾನಪತ್ರ ಓದಿ. ಮಾರ್ಚ್ 30 ಇಡ್ಲಿ ದಿನ, 2015ರಲ್ಲಿ ಚೆನ್ನೈನಲ್ಲಿ ಶುರುವಾದದ್ದು. ಬೆಣ್ಣೆ ದೋಸೆಯ ಊರಿನಲ್ಲಿ ಇಡ್ಲಿಯ ಪರ ವಾದಿಸಲು ಒಬ್ಬ ಗಟ್ಟಿ ವಕೀಲರು ಬೇಕು, ಪಂಚಾಯ್ತಿ ಕಟ್ಟೆಯಲ್ಲಿ ಮೊಕದ್ದಮೆ ನಡೆಸಿ. ಮೇ ತಿಂಗಳ ಮೊದಲ ಭಾನುವಾರ ನಗುವಿನ ದಿನ. ಮುಂಬೈಯ ವೈದ್ಯ ಮದನ್ ಕಟಾರಿಯಾ 1998ರಲ್ಲಿ ಆರಂಭಿಸಿದರು. ಕುಂದವಾಡ ಕೆರೆಯ ಸುತ್ತ ಬೆಳಗಿನ ನಡಿಗೆಗೆ ಬರುವವರಿಗೆ ಇದನ್ನು ವಹಿಸಿದರೆ ಸಾಕು. ಜೂನ್ 15 ಗಾಳಿಯ ದಿನ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುವಾಗ ಕೆಳಗೆ ಮಕ್ಕಳು ಕಾಗದದ ಗಿರಗಿಟ್ಲೆ ಹಿಡಿದು ಓಡಲಿ, ದೊಡ್ಡವರು ಹಾರಿಹೋದ ಬಟ್ಟೆಗಳನ್ನು ಅಕ್ಕಪಕ್ಕದ ಮನೆಯವರಿಗೆ ಮೆರವಣಿಗೆಯಲ್ಲಿ ಹಿಂದಿರುಗಿಸಲಿ.

ನಿಮ್ಮದೇ ದಿನ ಹುಟ್ಟುಹಾಕುವುದಕ್ಕೂ ಯಾರ ಅಪ್ಪಣೆಯೂ ಬೇಕಿಲ್ಲ. ಕೊಟ್ಟ ಪಾತ್ರೆ ಹಿಂದಿರುಗಿಸುವ ದಿನ ಎಂದು ಒಂದು ಮಾಡಿ ನೋಡಿ. ವರ್ಷಗಳಿಂದ ಪಕ್ಕದ ಮನೆಯಲ್ಲಿ ಉಳಿದುಹೋದ ಸ್ಟೀಲ್ ಡಬ್ಬಿಗಳೆಲ್ಲ ವಾದ್ಯದೊಂದಿಗೆ ತವರಿಗೆ ಬರುವ ಹಬ್ಬ. ಖಾಲಿ ಡಬ್ಬಿ ಕೊಡುವ ವಾಡಿಕೆ ನಮ್ಮಲ್ಲಿಲ್ಲವಾದ್ದರಿಂದ ಊಟದ ಏರ್ಪಾಡೂ ಅದರಲ್ಲೇ ಆಗಿಹೋಗುತ್ತದೆ.

ಕೊನೆಯ ಹೆಜ್ಜೆ: ಲೆಕ್ಕ, ಕಸ, ಮುಂದಿನ ಚೀಟಿ

ಚಂದಾ ಎತ್ತಬೇಡಿ. ಚಂದಾ ಬಂದರೆ ಖಜಾಂಚಿ ಬರುತ್ತಾರೆ, ಖಜಾಂಚಿ ಬಂದರೆ ಜಗಳ ಬರುತ್ತದೆ. ಮನೆಗೊಂದು ಸಾಮಾನು ತರಲಿ: ಒಬ್ಬರು ಮಂಡಕ್ಕಿ, ಒಬ್ಬರು ಈರುಳ್ಳಿ, ಒಬ್ಬರು ಚಾಪೆ. ತರಲು ಏನೂ ಇಲ್ಲದವರು ಒಂದು ಹಾಡು ತರಲಿ. ಮುಗಿದ ಮೇಲೆ ಕಸ ಗುಡಿಸುವ ಕೆಲಸ ಹೆಂಗಸರ ಪಾಲಿಗೆ ತಾನಾಗಿ ಬೀಳದಂತೆ ನೋಡಿಕೊಳ್ಳಿ. ಆ ದಿನ ಅತಿ ಜೋರಾಗಿ ನಕ್ಕವರಿಗೆ ಪೊರಕೆ ಕೊಡುವುದು ನ್ಯಾಯವಾದ ಕ್ರಮ.

ಎದ್ದು ಹೋಗುವ ಮುನ್ನ ಮುಂದಿನ ದಿನವನ್ನು ಗೊತ್ತುಮಾಡಿ. ಎಲ್ಲರೂ ತಮಗೆ ಬೇಕಾದ ದಿನವನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲಿ. ಎತ್ತುವುದು ಅಲ್ಲಿರುವವರಲ್ಲಿ ಎಲ್ಲಕ್ಕಿಂತ ಚಿಕ್ಕ ಮಗು. ಯಾವ ಚೀಟಿ ಬಂದರೂ ಬದಲಾಯಿಸುವಂತಿಲ್ಲ, ಶೌಚಾಲಯ ದಿನ ಬಂದರೂ ಸರಿ.